ಮೆಟ್ಟಿಲಿಗೊಂದು ಹೆಸರು: ಉಕ್ಕಿನ ಹಗ್ಗದಲ್ಲಿ ನಿಂತ ಗೋಪುರದ ಕಥೆ



ಕೆಲವು ದಿನಗಳಿಂದ ಒಂದೇ ಥರದ ಮೆಸೇಜ್ ಬರ್ತಾ ಇದೆ. ಬೆಂಗಳೂರಿನ ಸ್ಕೈಡೆಕ್ ಬಗ್ಗೆ ಒಂದು ಎಪಿಸೋಡ್ ಮಾಡಿ ಅಂತ. ಕೇಳ್ತಿರೋರಲ್ಲಿ ಎರಡು ಪಾರ್ಟಿ. ಒಂದು ಪಾರ್ಟಿಗೆ ಅದು ಬೇಕೇ ಬೇಕು, ದುಬೈ, ಸಿಂಗಾಪುರದ ಥರ ನಮಗೂ ಒಂದು ಇರಲಿ. ಇನ್ನೊಂದು ಪಾರ್ಟಿಗೆ ಬೇಡವೇ ಬೇಡ, ಮೊದಲು ರಸ್ತೆ ಗುಂಡಿ ಮುಚ್ಚಲಿ. 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಾಗ ಹೇಳಿದ ಲೆಕ್ಕ: ಸುಮಾರು 250 ಮೀಟರ್ ಎತ್ತರ, ಸುಮಾರು 500 ಕೋಟಿ ರೂಪಾಯಿ. ಎರಡೂ ಕಡೆಯವರು ಜಗಳ ಆಡ್ತಿರೋದು ಈ ಎರಡು ನಂಬರ್ ಹಿಡ್ಕೊಂಡೇ.

ನನಗನಿಸೋದು, ಗೋಪುರದ ಬಗ್ಗೆ ಕೇಳಬೇಕಾದ ಪ್ರಶ್ನೆಗಳು ಬೇರೆಯೇ ಇವೆ. ಅದು ಹೇಗೆ ನಿಲ್ಲುತ್ತೆ? ನಿಲ್ಲೋಕೆ ಎಷ್ಟು ಸಾಮಾನು ಬೇಕು? ದುಡ್ಡು ಯಾರದು? ಹತ್ತಿದವರಿಗೆ ಏನು ಸಿಗುತ್ತೆ? ಈ ನಾಲ್ಕೂ ಪ್ರಶ್ನೆಯನ್ನ ಗಂಭೀರವಾಗಿ ತಗೊಂಡು ಕಟ್ಟಿದ ಒಂದು ಗೋಪುರ ಜರ್ಮನಿಯಲ್ಲಿದೆ. ಎತ್ತರ ಬರೀ 40 ಮೀಟರ್, ಅಂದ್ರೆ ಸ್ಕೈಡೆಕ್‌ನ ಆರನೇ ಒಂದು ಭಾಗ. ಇವತ್ತಿನ ಮಾತು ಅದರ ಬಗ್ಗೆ. ಸ್ಕೈಡೆಕ್‌ಗೆ ಕೊನೆಯಲ್ಲಿ ಬರ್ತೀನಿ. ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ: ನಾನು ಓದಿದ್ದು ಬಿ.ಕಾಂ. ಹಾಗಾಗಿ ಇಂಜಿನಿಯರಿಂಗನ್ನ ನಾನು ಅರ್ಥ ಮಾಡ್ಕೊಂಡ ದಾರಿಯಲ್ಲೇ ಹೇಳ್ತೀನಿ, ಫಾರ್ಮುಲಾ ಇಲ್ಲದೆ.

ಊರಿನ ಹೆಸರು ಸ್ಟುಟ್‌ಗಾರ್ಟ್. ಬೆಂಜ್ ಕಾರಿನ ಊರು, ಬಾಶ್ ಕಂಪನಿಯ ಊರು. ಬೆಂಗಳೂರಿನ ಆಡುಗೋಡಿಯಲ್ಲಿ ದೊಡ್ಡ ಕ್ಯಾಂಪಸ್ ಇದೆಯಲ್ಲ, ಅದೇ ಬಾಶ್. ಊರು ಇರೋದು ಬಾಣಲೆ ಥರದ ತಗ್ಗಿನಲ್ಲಿ, ಸುತ್ತ ಗುಡ್ಡ, ಗುಡ್ಡದ ಮೇಲೆ ದ್ರಾಕ್ಷಿ ತೋಟ. ಉತ್ತರ ದಿಕ್ಕಿನ ಗುಡ್ಡದ ಮೇಲೆ ಕಿಲ್ಲೆಸ್‌ಬರ್ಗ್ ಅನ್ನೋ ಪಾರ್ಕ್. ಅದು ಹಿಂದೆ ಕಲ್ಲಿನ ಕ್ವಾರಿ ಆಗಿತ್ತು. 1939ರಲ್ಲಿ ಒಂದು ದೊಡ್ಡ ತೋಟಗಾರಿಕೆ ಪ್ರದರ್ಶನಕ್ಕೆ ಅಂತ ಅದನ್ನ ಪಾರ್ಕ್ ಮಾಡಿದ್ರು. ಇದಾಗಿ ಎರಡೇ ವರ್ಷಕ್ಕೆ, 1941ರ ಕೊನೆಯಲ್ಲಿ, ಆ ಭಾಗದ ಸುಮಾರು ಸಾವಿರ ಯಹೂದಿಗಳನ್ನ ಇದೇ ಪ್ರದರ್ಶನದ ಕಟ್ಟಡಗಳಲ್ಲಿ ಕೂಡಿಹಾಕಿ, ಡಿಸೆಂಬರ್ 1ರಂದು ರೈಲಿನಲ್ಲಿ ರೀಗಾಕ್ಕೆ ಸಾಗಿಸಿದ್ರು. ಅವರಲ್ಲಿ ಬದುಕಿ ಬಂದವರು ತೀರಾ ಕಡಿಮೆ. ಪಾರ್ಕಿನಲ್ಲಿ ಅದಕ್ಕೊಂದು ಸ್ಮಾರಕದ ಕಲ್ಲಿದೆ. ಗೋಪುರದ ಕಥೆಯಲ್ಲಿ ಇದು ಯಾಕೆ ಅಂತ ಕೇಳಬಹುದು. ಪಾರ್ಕ್ ಅಂದ್ರೆ ಬರೀ ಹೂವು, ಬೆಂಚು ಅಂತ ನಾವು ಅಂದುಕೊಳ್ತೀವಿ. ಈ ಜಾಗಕ್ಕೆ ಅಷ್ಟು ಭಾರವಾದ ನೆನಪಿದೆ. ಅಂಥ ಕಡೆ ಊರಿನ ಜನ ಮುಂದೆ ಏನು ಕಟ್ಟಿದ್ರು ಅನ್ನೋದು ನನಗೆ ಮುಖ್ಯ ಅನಿಸಿತು, ಅದಕ್ಕೆ ಹೇಳಿದೆ.

ಸರಿ, ಗೋಪುರಕ್ಕೆ ಬರೋಣ. ನಾನು ಅಲ್ಲಿಗೆ ಹೋಗಿಲ್ಲ. ಫೋಟೋ, ವಿಡಿಯೋ ನೋಡಿ, ಓದಿ ತಿಳ್ಕೊಂಡಿದ್ದು. ದೂರದಿಂದ ನೋಡಿದ್ರೆ ಅದು ಗೋಪುರ ಅಂತಲೇ ಅನ್ನಿಸಲ್ಲ. ಯಾರೋ ಗಾಳಿಯಲ್ಲಿ ಪೆನ್ಸಿಲ್‌ನಿಂದ ಗೋಪುರದ ಚಿತ್ರ ಬರೆದು, ಬಣ್ಣ ತುಂಬೋದು ಬಿಟ್ಟು ಹೋದ ಹಾಗಿದೆ. ನಡುವೆ ಒಂದೇ ಒಂದು ತೆಳ್ಳನೆ ಉಕ್ಕಿನ ಕಂಬ. ಕಂಬದ ತುದಿಯಿಂದ ಸುತ್ತಲೂ ಉಕ್ಕಿನ ಹಗ್ಗಗಳ ಬಲೆ ಇಳಿದು ನೆಲಕ್ಕೆ ಬಿಗಿದುಕೊಂಡಿದೆ. ಆ ಬಲೆಯಲ್ಲಿ ಒಂದರ ಮೇಲೊಂದು ನಾಲ್ಕು ವೇದಿಕೆಗಳು, ಕಡೇದು ಸುಮಾರು 31 ಮೀಟರ್ ಎತ್ತರದಲ್ಲಿ. ವೇದಿಕೆಯಿಂದ ವೇದಿಕೆಗೆ ಸುತ್ತಿಕೊಂಡು ಹೋಗೋ ಎರಡು ಮೆಟ್ಟಿಲ ಸಾಲು. ಒಂದು ಹತ್ತೋಕೆ, ಒಂದು ಇಳಿಯೋಕೆ. ಎರಡು ಬಳ್ಳಿ ಒಂದೇ ಕಂಬಕ್ಕೆ ಎದುರುಬದುರು ಹಬ್ಬಿದ ಹಾಗೆ. ಹತ್ತೋರು ಇಳಿಯೋರು ಮುಖಾಮುಖಿ ಆಗಿ, ಸ್ವಲ್ಪ ಸೈಡ್ ಕೊಡಿ ಸಾರ್ ಅನ್ನೋ ಪರಿಸ್ಥಿತಿಯೇ ಇಲ್ಲ. ಗೋಡೆ ಇಲ್ಲ, ಗಾಜು ಇಲ್ಲ, ಎಸಿ ಇಲ್ಲ. ಲಿಫ್ಟೂ ಇಲ್ಲ. ಲಿಫ್ಟ್ ಇಲ್ಲದಿರೋದು ದೊಡ್ಡ ವಿಷಯ, ಅದಕ್ಕೆ ಆಮೇಲೆ ಬರ್ತೀನಿ.

ಇದು ಹೇಗೆ ನಿಲ್ಲುತ್ತೆ?

ಇದಕ್ಕೆ ನಿಮ್ಮ ಮನೆಯ ಕಡ್ಡಿ ಪೊರಕೆ ಸಾಕು. ಅದರಿಂದ ಒಂದು ತೆಂಗಿನ ಕಡ್ಡಿ ಕಿತ್ಕೊಳ್ಳಿ. ಎರಡೂ ತುದಿ ಹಿಡಿದು ಎಳೀರಿ. ಎಷ್ಟು ಎಳೆದ್ರೂ ಸುಲಭಕ್ಕೆ ಹರಿಯಲ್ಲ. ಈಗ ಅದೇ ಕಡ್ಡಿಯನ್ನ ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ ಮೇಲಿಂದ ಒತ್ತಿ. ಒಂದು ಬೆರಳಿಗೇ ಬಿಲ್ಲಿನ ಥರ ಬಾಗುತ್ತೆ. ಗಮನಿಸಿ, ಕಡ್ಡಿ ಮುರಿದು ಸೋತಿದ್ದಲ್ಲ, ಬಳುಕಿ ಸೋತಿದ್ದು. ತೆಳ್ಳಗೆ, ಉದ್ದಕ್ಕೆ ಇರೋ ಯಾವ ವಸ್ತುವಿಗೂ ಇದೇ ಕಥೆ. ಎಳೆತಕ್ಕೆ ಗಟ್ಟಿ, ಒತ್ತಡಕ್ಕೆ ದುರ್ಬಲ. ಅದಕ್ಕೇ ನಮ್ಮ ಸಾಮಾನ್ಯ ಕಟ್ಟಡಗಳಲ್ಲಿ ಕಂಬ ಅಷ್ಟು ದಪ್ಪ ಇರೋದು. ಎಷ್ಟೋ ಸಲ ಆ ದಪ್ಪ ಬರೀ ಭಾರ ಹೊರೋಕೆ ಅಲ್ಲ, ಬಳುಕದೆ ಇರೋಕೆ.

ಹಾಗಾದ್ರೆ ಕಂಬವನ್ನ ದಪ್ಪ ಮಾಡದೆ ಬಳುಕೋದನ್ನ ತಡೆಯೋದು ಹೇಗೆ? ಮದುವೆ ಮನೆ ಮುಂದೆ ಶಾಮಿಯಾನ ಹಾಕೋ ಹುಡುಗರನ್ನ ನೋಡಿ. ಒಬ್ಬ ಕಂಬ ಹಿಡ್ಕೊಂಡು ನಿಂತಿರ್ತಾನೆ, ಉಳಿದವರು ನಾಲ್ಕು ದಿಕ್ಕಿಗೆ ಹಗ್ಗ ಎಳೆದು ಗೂಟಕ್ಕೆ ಬಿಗೀತಾರೆ. ಒಂದೇ ಕಡೆ ಬಿಗಿದ್ರೆ ಕಂಬ ಆ ಕಡೆ ಬೀಳುತ್ತೆ. ಎಲ್ಲ ಕಡೆ ಬಿಗಿದ್ರೆ ಯಾವ ಕಡೆಗೂ ಬೀಳೋಕೆ ಆಗಲ್ಲ. ಕಿಲ್ಲೆಸ್‌ಬರ್ಗ್ ಗೋಪುರದ ಮೂಲ ಐಡಿಯಾ ಇಷ್ಟೇ. ಹಗ್ಗದ ಜಾಗದಲ್ಲಿ ಒಂದು ಇಡೀ ಬಲೆ, ಅಷ್ಟೇ ವ್ಯತ್ಯಾಸ. ಕಂಬಕ್ಕೆ ಒತ್ತಡ ತಡ್ಕೊಳ್ಳೋದೊಂದೇ ಕೆಲಸ. ಅದನ್ನ ನೆಟ್ಟಗೆ ಹಿಡಿಯೋ ಕೆಲಸ ಬಲೆಯದು.

ಇಲ್ಲೊಂದು ಮಜಾ ಇದೆ. ಮಾಮೂಲಿ ಬಿಲ್ಡಿಂಗ್‌ನ ಮೂರನೇ ಮಹಡಿಯಲ್ಲಿ ನಿಂತ್ರೆ ನಿಮ್ಮ ತೂಕ ನೆಲಕ್ಕೆ, ನೆಲದಿಂದ ತೊಲೆಗೆ, ತೊಲೆಯಿಂದ ಕಂಬಕ್ಕೆ, ಹಾಗೇ ಕೆಳಗೆ ಹೋಗುತ್ತೆ. ಇಲ್ಲಿ ವೇದಿಕೆ ಬಲೆಗೆ ಸಿಕ್ಕಿಸಿಕೊಂಡು ತೂಗ್ತಾ ಇದೆ. ನೀವು ಅದರ ಮೇಲೆ ಕಾಲಿಟ್ಟಾಗ ಮೇಲಿನ ಹಗ್ಗ ಇನ್ನಷ್ಟು ಬಿಗಿಯುತ್ತೆ. ಅಂದ್ರೆ ನಿಮ್ಮ ತೂಕ ಮೊದಲು ಮೇಲೆ ಹತ್ತುತ್ತೆ, ಕಂಬದ ತಲೆಗೆ ಹೋಗುತ್ತೆ, ಆಮೇಲೆ ಕಂಬದೊಳಗಿಂದ ಭೂಮಿಗೆ ಇಳಿಯುತ್ತೆ. ಬಾವಿಯ ಕೊಡ ಹಗ್ಗದಲ್ಲಿ ನೇತಾಡೋವಾಗ ಅದರ ಭಾರ ಮೇಲಿರೋ ರಾಟೆಯ ಕಂಬಕ್ಕೆ ಹೋಗಿ, ಅಲ್ಲಿಂದ ನೆಲಕ್ಕೆ ಇಳಿಯಲ್ವಾ, ಹಾಗೆ.

ಈಗ ಗಾಳಿ. ಗಾಳಿ ಒಂದು ಕಡೆಯಿಂದ ತಳ್ಳಿದಾಗ ಆ ಕಡೆಯ ಹಗ್ಗ ಬಿಗಿಯುತ್ತೆ, ಎದುರು ಕಡೆಯದು ಸಡಿಲ ಆಗೋಕೆ ನೋಡುತ್ತೆ. ಸಡಿಲ ಆದ ಹಗ್ಗ ಯಾವ ಕೆಲಸಕ್ಕೂ ಬಾರದು. ಹಗ್ಗಕ್ಕೆ ಎಳೆಯೋದು ಮಾತ್ರ ಗೊತ್ತು, ತಳ್ಳೋದು ಗೊತ್ತಿಲ್ಲ. ಇದಕ್ಕೆ ಪರಿಹಾರ ನಿಮ್ಮ ಸೈಕಲ್ ಚಕ್ರದಲ್ಲಿದೆ. ಸ್ಪೋಕ್ಸ್ ಎಷ್ಟು ತೆಳ್ಳಗಿದೆ ನೋಡಿ. ಒಂದನ್ನ ಬಿಚ್ಚಿ ಕೈಯಲ್ಲಿ ಒತ್ತಿದ್ರೆ ಬಾಗುತ್ತೆ. ಆದ್ರೂ ಇಬ್ಬರು ಕೂತ ಸೈಕಲನ್ನ ಅವೇ ಹೊರುತ್ತವೆ. ಹೇಗೆ? ಸೈಕಲ್ ಶಾಪ್‌ನವನು ಚಕ್ರ ಕಟ್ಟೋವಾಗಲೇ ಎಲ್ಲಾ ಸ್ಪೋಕ್ಸನ್ನೂ ಮೊದಲೇ ಟೈಟ್ ಮಾಡಿರ್ತಾನೆ. ಭಾರ ಬಿದ್ದಾಗ ಕೆಳಗಿನ ಸ್ಪೋಕ್ಸ್‌ನ ಬಿಗಿ ಸ್ವಲ್ಪ ಕಡಿಮೆ ಆಗುತ್ತೆ ಅಷ್ಟೇ, ಪೂರ್ತಿ ಹೋಗಲ್ಲ. ಗೋಪುರದ ಬಲೆಯನ್ನೂ ಹಾಗೇ ಮೊದಲೇ ಎಳೆದು ಬಿಗಿದಿದ್ದಾರೆ. ಗಾಳಿ ಬಂದಾಗ ಸಡಿಲ ಆಗೋ ಕಡೆಗೆ ಸಡಿಲ ಆಗೋಕೆ ಬ್ಯಾಲೆನ್ಸ್ ಇರುತ್ತೆ. ಅಕೌಂಟ್‌ನಲ್ಲಿ ಮಿನಿಮಮ್ ಬ್ಯಾಲೆನ್ಸ್ ಇಟ್ಟ ಹಾಗೆ ಅನ್ನಿ. ಖರ್ಚು ಬಂದ್ರೂ ಸೊನ್ನೆಗೆ ಇಳಿಯಬಾರದು.

ಇದಕ್ಕೆ ಬೆಲೆ ಇಲ್ಲದೆ ಇಲ್ಲ. ಬಲೆಯನ್ನ ಬಿಗಿದಷ್ಟೂ ಕಂಬದ ಮೇಲೆ ಒತ್ತಡ ಜಾಸ್ತಿ. ಯಾರೂ ಹತ್ತದೆ, ಗಾಳಿ ಬೀಸದೆ ಇರೋವಾಗಲೂ ಕಂಬ ಆ ಒತ್ತಡ ಹೊತ್ತೇ ನಿಂತಿರುತ್ತೆ. ಇನ್ನು ನೆಲದಲ್ಲಿ ಬಲೆ ಕಟ್ಟಿರೋ ಕಡೆ ಬುನಾದಿಗೆ ಉಲ್ಟಾ ಕೆಲಸ. ನಮಗೆ ಬುನಾದಿ ಅಂದ್ರೆ ಕಟ್ಟಡ ಕೆಳಗೆ ಕುಸಿಯದಂತೆ ನೋಡ್ಕೊಳ್ಳೋದು. ಇಲ್ಲಿ ಸುತ್ತಲಿನ ಬುನಾದಿ ಹಗ್ಗ ಮೇಲೆದ್ದು ಬರದಂತೆ ಹಿಡಿದು ಕೂತಿರಬೇಕು. ಶಾಮಿಯಾನದ ಗೂಟದ್ದೂ ಅದೇ ಪಾಡು, ಮಳೆ ಬಂದು ಮಣ್ಣು ಮೆತ್ತಗಾದ್ರೆ ಗೂಟ ಕಿತ್ಕೊಂಡು ಬರೋದು ಅದಕ್ಕೇ.

ಇದನ್ನ ವಿನ್ಯಾಸ ಮಾಡಿದವರ ಹೆಸರು ಯೋರ್ಗ್ ಶ್ಲೈಖ್. 1934ರಲ್ಲಿ ಹುಟ್ಟಿ 2021ರಲ್ಲಿ ತೀರಿಕೊಂಡ ಸ್ಟ್ರಕ್ಚರಲ್ ಇಂಜಿನಿಯರ್, ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್. 1972ರ ಮ್ಯೂನಿಕ್ ಒಲಿಂಪಿಕ್ಸ್ ಸ್ಟೇಡಿಯಂನ ಜೇಡರ ಬಲೆಯಂಥ ಚಾವಣಿ ಫೋಟೋದಲ್ಲಾದ್ರೂ ನೋಡಿರ್ತೀರಿ. ಅದರ ಇಂಜಿನಿಯರಿಂಗ್ ಕೆಲಸದ ಮುಂದಾಳು ಇವರೇ. ಆದ್ರೆ ನಮಗೆ ಹತ್ತಿರದ ಕೆಲಸ ಕೋಲ್ಕತ್ತದಲ್ಲಿದೆ. ಹೂಗ್ಲಿ ನದಿಯ ಮೇಲಿನ ವಿದ್ಯಾಸಾಗರ ಸೇತು, ಸಿನಿಮಾಗಳಲ್ಲಿ ಬರುತ್ತಲ್ಲ, ಫ್ಯಾನ್ ಥರ ಕೇಬಲ್ ಹರಡಿರೋದು. ಅದರ ವಿನ್ಯಾಸದ ಹಿಂದೆ ಇರೋದು ಇವರೇ. 1972ರಲ್ಲಿ ಶಂಕುಸ್ಥಾಪನೆ, 1992ರಲ್ಲಿ ಉದ್ಘಾಟನೆ. ಇಪ್ಪತ್ತು ವರ್ಷ! ನಮ್ಮ ಫ್ಲೈಓವರ್‌ಗಳ ಬಗ್ಗೆ ಬೈಕೊಳ್ಳೋರಿಗೆ ಸ್ವಲ್ಪ ಸಮಾಧಾನ ಆಗ್ಬಹುದು.

ಆ ಸೇತುವೆಯಲ್ಲಿ ಒಂದು ನಿರ್ಧಾರ ನನಗೆ ತುಂಬಾ ಇಷ್ಟ. ಆ ಕಾಲಕ್ಕೆ ಯುರೋಪಿನಲ್ಲಿ ಉಕ್ಕಿನ ಭಾಗಗಳನ್ನ ವೆಲ್ಡಿಂಗ್ ಮಾಡಿ ಜೋಡಿಸೋದು ರೂಢಿ. ಇಲ್ಲಿ ರಿವೆಟ್ ಬಳಸಿದ್ರು. ಇಲ್ಲಿ ಸಿಗೋ ಉಕ್ಕಿಗೆ, ಇಲ್ಲಿನ ಕೆಲಸಗಾರರ ಕೈಗೆ ಪಳಗಿದ್ದು ಅದು. ಹೌರಾ ಸೇತುವೆ ಕಟ್ಟಿದ ಊರಲ್ಲವೇ. ವಿದೇಶದ ತಂತ್ರಜ್ಞಾನ ಹಾಗೇ ಎತ್ಕೊಂಡು ಬಂದು ಇಡೋ ಬದಲು, ಊರಿನ ಕೈ ನೋಡಿ ವಿನ್ಯಾಸ ಬದಲಾಯಿಸೋದು. ಶ್ಲೈಖ್ ಬರೆದದ್ದರಲ್ಲಿ ಮತ್ತೆ ಮತ್ತೆ ಬರೋ ವಾದ ಇದು: ಹಗುರವಾದ ಕಟ್ಟಡಕ್ಕೆ ಸಾಮಾನು ಕಡಿಮೆ, ಯೋಚನೆ ಮತ್ತು ಕೈಕೆಲಸ ಜಾಸ್ತಿ. ಹಾಗಾಗಿ ಅದರಿಂದ ಭೂಮಿಗೂ ಒಳ್ಳೇದು, ಕೆಲಸ ಹುಡುಕೋರಿಗೂ ಒಳ್ಳೇದು. ನನ್ನ ಕಾಮರ್ಸ್ ಭಾಷೆಯಲ್ಲಿ ಹೇಳೋದಾದ್ರೆ, ಬಿಲ್‌ನಲ್ಲಿ ಮೆಟೀರಿಯಲ್ ಕಾಲಂ ಇಳಿಯುತ್ತೆ, ಲೇಬರ್ ಕಾಲಂ ಏರುತ್ತೆ. ಒಟ್ಟು ಮೊತ್ತ ಅಷ್ಟೇ ಇದ್ದರೂ ದುಡ್ಡು ಹೋಗಿ ಸೇರೋ ಜೇಬು ಬೇರೆ. ಇದು ನಾನು ಈ ವಿಷಯ ಓದೋವಾಗ ತುಂಬಾ ಹೊತ್ತು ನಿಂತು ಯೋಚಿಸಿದ ಜಾಗ. ಕಟ್ಟಡದ ಆಕಾರ ನೋಡಿ ದುಡ್ಡು ಯಾರಿಗೆ ಹೋಯ್ತು ಅಂತ ಊಹಿಸಬಹುದು ಅಂತ ನನಗೆ ಯಾವ ಕ್ಲಾಸಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ.

ಹಗುರ ಅಂದ ಮೇಲೆ ಅಲುಗಾಟ ಇದ್ದೇ ಇರುತ್ತೆ. ಕಿಲ್ಲೆಸ್‌ಬರ್ಗ್ ಗೋಪುರ ಗಾಳಿ ಬಂದಾಗ, ಜನ ಓಡಾಡಿದಾಗ ಕಾಲಿಗೆ ಗೊತ್ತಾಗೋ ಹಾಗೆ ಅಲುಗುತ್ತೆ. ಮೇಲೆ ಹೋದವರ ಮುಖ ಬಿಳಿಚಿಕೊಳ್ಳೋ ವಿಡಿಯೋಗಳೂ ಇವೆ. ದಕ್ಷಿಣ ಕನ್ನಡ, ಮಲೆನಾಡಿನ ಕಡೆಯವರಿಗೆ ಇದು ಹೊಸದಲ್ಲ. ಸುಳ್ಯದ ಗಿರೀಶ್ ಭಾರದ್ವಾಜ್ ನೂರಕ್ಕೂ ಹೆಚ್ಚು ತೂಗುಸೇತುವೆ ಕಟ್ಟಿ, 2017ರಲ್ಲಿ ಪದ್ಮಶ್ರೀ ಪಡೆದವರು. ಅಂಥ ಸೇತುವೆ ಮೇಲೆ ದಿನಾ ಶಾಲೆಗೆ ಹೋಗೋ ಮಕ್ಕಳಿಗೆ ಅಲುಗಾಟ ಅಂದ್ರೆ ಸೇತುವೆ ಬದುಕಿದೆ ಅಂತ ಅರ್ಥ. ಪೇಟೆಯಿಂದ ಬಂದ ನೆಂಟರು ಮಾತ್ರ ಮಧ್ಯದಲ್ಲಿ ನಿಂತು ಹಗ್ಗ ಹಿಡ್ಕೊಂಡು ದೇವರನ್ನ ನೆನೀತಾರೆ.

ಆದ್ರೆ ಅಲುಗೋದು ಅಂದ್ರೆಲ್ಲಾ ಸರಿ ಅಂತಲೂ ಅಲ್ಲ. 2000ದ ಜೂನ್ 10ರಂದು ಲಂಡನ್‌ನಲ್ಲಿ ಥೇಮ್ಸ್ ನದಿಗೆ ಮಿಲೇನಿಯಂ ಬ್ರಿಡ್ಜ್ ಅಂತ ನಡೆದಾಡೋ ಸೇತುವೆ ಓಪನ್ ಆಯ್ತು. ಅದೂ ತೆಳ್ಳನೆ, ಅದೂ ಕೇಬಲ್. ಜನ ಕಿಕ್ಕಿರಿದು ಬಂದ್ರು. ಸೇತುವೆ ಪಕ್ಕಕ್ಕೆ ಸ್ವಲ್ಪ ತೂಗಿತು. ತೂಗಿದಾಗ ಬೀಳದೆ ಇರೋಕೆ ಎಲ್ಲರೂ ಅದರ ತಾಳಕ್ಕೇ ಹೆಜ್ಜೆ ಹಾಕಿದ್ರು. ಎಲ್ಲರ ಹೆಜ್ಜೆ ಒಂದಾದ್ರೆ ತೂಗಾಟ ಇನ್ನೂ ಜಾಸ್ತಿ. ಎರಡೇ ದಿನಕ್ಕೆ ಮುಚ್ಚಿದ್ರು. ಅಲುಗಾಟ ಹೀರಿಕೊಳ್ಳೋ ಡ್ಯಾಂಪರ್‌ಗಳನ್ನ ಹಾಕಿ ಮತ್ತೆ ತೆರೆದಿದ್ದು 2002ರಲ್ಲಿ. ಅಂದ್ರೆ ಕಿಲ್ಲೆಸ್‌ಬರ್ಗ್ ಗೋಪುರ 2001ರಲ್ಲಿ ಜನರಿಗೆ ತೆರೆದಾಗ ಲಂಡನ್ ಸೇತುವೆ ಇನ್ನೂ ಮುಚ್ಚೇ ಇತ್ತು. ಹಗುರವಾಗಿ ಕಟ್ಟೋದು ಸುಲಭದ ದಾರಿ ಅಲ್ಲ ಅನ್ನೋದಕ್ಕೆ ಈ ಮಾತು. ದಪ್ಪ ಕಂಬದಲ್ಲಿ ಲೆಕ್ಕ ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ಕಾಂಕ್ರೀಟ್ ಮುಚ್ಚಿಹಾಕುತ್ತೆ. ತೆಳ್ಳನೆ ಕಟ್ಟಡದಲ್ಲಿ ಬಚ್ಚಿಡೋಕೆ ಜಾಗವೇ ಇಲ್ಲ.

ಹಗ್ಗಕ್ಕೆ ಇನ್ನೊಂದು ಶತ್ರು ತುಕ್ಕು. ಕೇಬಲ್ ಕಟ್ಟಡ ಯಾವುದೇ ಇರಲಿ, ತುದಿಯ ಕೊಕ್ಕೆ, ಗಂಟು, ನೆಲಕ್ಕೆ ಸೇರೋ ಜಾಗ, ಇವನ್ನೆಲ್ಲಾ ಕಾಲಕಾಲಕ್ಕೆ ನೋಡ್ತಾನೇ ಇರಬೇಕು. ಕಟ್ಟಿ ಟೇಪ್ ಕತ್ತರಿಸಿ ಮರೆಯೋ ಸಂಸ್ಕೃತಿ ಇರೋ ಕಡೆ ಕೇಬಲ್ ಕಟ್ಟಡ ಕಟ್ಟಲೇಬಾರದು ಅನ್ನೋದು ನನ್ನ ಅಭಿಪ್ರಾಯ. 2022ರಲ್ಲಿ ಗುಜರಾತಿನ ಮೋರ್ಬಿಯಲ್ಲಿ ತೂಗುಸೇತುವೆ ಕುಸಿದು 130ಕ್ಕೂ ಹೆಚ್ಚು ಜನ ಸತ್ತರು. ರಿಪೇರಿ ಮಾಡಿದ್ದೀವಿ ಅಂತ ಮತ್ತೆ ತೆರೆದು ಕೆಲವೇ ದಿನ ಆಗಿತ್ತು.

ಈಗ ದುಡ್ಡಿನ ಮಾತು. ನಿಜ ಹೇಳ್ಬೇಕಂದ್ರೆ ನಾನು ಈ ಗೋಪುರಕ್ಕೆ ಬಿದ್ದಿದ್ದೇ ಈ ಕಾರಣಕ್ಕೆ.

1993ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಅಂತರರಾಷ್ಟ್ರೀಯ ತೋಟಗಾರಿಕೆ ಪ್ರದರ್ಶನ ನಡೀತು. ಆ ಪ್ರದರ್ಶನಕ್ಕೆ ಅಂತಲೇ ಈ ಗೋಪುರದ ಯೋಜನೆ ಹುಟ್ಟಿದ್ದು. ಆದ್ರೆ ದುಡ್ಡಿಲ್ಲ ಅಂತ ಕೈಬಿಟ್ರು. ಬೆಂಜ್ ಕಾರು ಮಾಡೋ ಊರಲ್ಲಿ ದುಡ್ಡಿಲ್ಲ! ಸರ್ಕಾರಿ ದುಡ್ಡಿನ ಸ್ವಭಾವ ಎಲ್ಲಾ ಕಡೆ ಒಂದೇ ಅನ್ನಿಸುತ್ತೆ. ಪ್ರದರ್ಶನ ಮುಗೀತು, ಹೂವು ಬಾಡಿದವು, ಯೋಜನೆ ಕಾಗದದ ಮೇಲೇ ಉಳೀತು.

ಅಲ್ಲಿ 1861ರಿಂದ ಒಂದು ಸಂಘ ಇದೆ. ಹೆಸರನ್ನ ಕನ್ನಡಕ್ಕೆ ತಂದ್ರೆ ಸ್ಟುಟ್‌ಗಾರ್ಟ್ ಸೌಂದರ್ಯವರ್ಧನಾ ಸಂಘ. ಊರನ್ನ ಚೆಂದ ಇಡೋಕೆ ನಾಗರಿಕರು ಕಟ್ಟಿಕೊಂಡಿದ್ದು. ನಮ್ಮ ಬಡಾವಣೆಯ ರೆಸಿಡೆಂಟ್ಸ್ ಅಸೋಸಿಯೇಷನ್‌ಗಳ ಮುತ್ತಜ್ಜ ಅನ್ನಿ, ಆದ್ರೆ ವಾಟ್ಸಾಪ್ ಗ್ರೂಪ್ ಜಗಳ ಇಲ್ಲದ್ದು. ಈ ಸಂಘ ಗೋಪುರದ ಯೋಜನೆಯನ್ನ ಕೈಗೆತ್ತಿಕೊಳ್ತು. ದೇಣಿಗೆ ಎತ್ತಿತು. ಒಂದೊಂದು ಮೆಟ್ಟಿಲಿಗೂ ದಾನಿಗಳು, ಮೆಟ್ಟಿಲ ಮೇಲೆ ಅವರ ಹೆಸರು. ಪ್ರದರ್ಶನ ಆಗಿ ಎಂಟು ವರ್ಷಕ್ಕೆ, 2001ರಲ್ಲಿ ಗೋಪುರ ನಿಂತಿತು.

ನಮಗೇನು ಇದು ಹೊಸ ಉಪಾಯ ಅಲ್ಲ. ಬೆಟ್ಟದ ಮೇಲಿನ ದೇವಸ್ಥಾನಕ್ಕೆ ಹತ್ತೋವಾಗ ಮೆಟ್ಟಿಲ ಮೇಲೆ ಹೆಸರು ಓದ್ಕೊಂಡು ಹೋಗ್ತೀವಿ. ಸರ್ಕಾರಿ ಶಾಲೆಯ ಫ್ಯಾನಿನ ರೆಕ್ಕೆ ಮೇಲೆ ಹಳೇ ವಿದ್ಯಾರ್ಥಿಗಳ ಹೆಸರಿರುತ್ತೆ, ಫ್ಯಾನ್ ನಿಂತಾಗ ಮಾತ್ರ ಓದೋಕೆ ಆಗೋದು. ದೇವಸ್ಥಾನದ ಟ್ಯೂಬ್‌ಲೈಟ್ ಮೇಲೆ ದಾನಿಯ ಹೆಸರು, ಊರು, ಮನೆಯವರ ಹೆಸರು ಎಲ್ಲಾ ಬರೆದು ಬೆಳಕೇ ಬರದ ಹಾಗೆ ಮಾಡಿರ್ತಾರೆ. ಹೆಸರಿನ ಆಸೆ ಎಲ್ಲಾ ಕಡೆ ಒಂದೇ. ಇಲ್ಲಿ ವಿಶೇಷ ಏನಂದ್ರೆ, ಗೋಪುರದ ವಿನ್ಯಾಸವೇ ಈ ಲೆಕ್ಕಕ್ಕೆ ಒಗ್ಗುತ್ತೆ. ದೊಡ್ಡ ಮೊತ್ತವನ್ನ ಒಬ್ಬ ಸಾಮಾನ್ಯ ಮನುಷ್ಯನ ಕೈಗೆಟುಕೋ ತುಂಡುಗಳಾಗಿ ಒಡೆಯಬೇಕು. ಮೆಟ್ಟಿಲಿಗಿಂತ ಒಳ್ಳೆ ತುಂಡು ಯಾವುದಿದೆ? ಎಣಿಸಬಹುದು, ಮುಟ್ಟಬಹುದು, ಮೊಮ್ಮಗುವಿಗೆ ತೋರಿಸಿ ಇದು ನಮ್ಮದು ಅನ್ನಬಹುದು. ಅದೂ ಎರಡು ಮೆಟ್ಟಿಲ ಸಾಲು ಇದ್ರೆ ಮಾರೋಕೆ ಎರಡರಷ್ಟು ಮೆಟ್ಟಿಲು! ಶ್ಲೈಖ್ ಹಾಗೆ ಪ್ಲಾನ್ ಮಾಡಿದ್ರು ಅಂತ ಹೇಳ್ತಿಲ್ಲ, ನನ್ನ ತಲೆಗೆ ಹೊಳೆದದ್ದು.

ಇದನ್ನ ಕೇಳಿ, ಆಹಾ ಎಂಥಾ ಮಾದರಿ ಅಂತ ಚಪ್ಪಾಳೆ ತಟ್ಟೋಕೆ ಮುಂಚೆ ಎರಡು ತಕರಾರು ನನ್ನದೇ ಇವೆ. ಒಂದು, ದೇಣಿಗೆಯಿಂದ ಸಾರ್ವಜನಿಕ ಕೆಲಸ ನಡೆದ್ರೆ ಸರ್ಕಾರಕ್ಕೆ ಕೈ ತೊಳ್ಕೊಳ್ಳೋ ದಾರಿ ಸಿಗುತ್ತೆ. ಗೋಪುರಕ್ಕೆ ಸರಿ, ಅದು ಇಲ್ಲದಿದ್ರೂ ಯಾರ ಬದುಕೂ ನಿಲ್ಲಲ್ಲ. ಇದೇ ಮಾದರಿ ಶಾಲೆಗೆ, ಆಸ್ಪತ್ರೆಗೆ ಬಂದಾಗ ಹುಷಾರಾಗಿರಬೇಕು. ಎರಡು, ಆಗಲೇ ಹೇಳಿದ ಲಿಫ್ಟ್. ವೀಲ್‌ಚೇರ್‌ನಲ್ಲಿ ಇರೋರು, ಮಂಡಿ ನೋವಿನ ಅಜ್ಜಿ ಈ ಗೋಪುರವನ್ನ ಕೆಳಗಿಂದ ನೋಡಬೇಕು ಅಷ್ಟೇ. ಅಷ್ಟು ತೆಳ್ಳನೆ ಬಲೆಯೊಳಗೆ ಲಿಫ್ಟ್ ತುರುಕಿದ್ರೆ ಅದು ಈ ಗೋಪುರವಾಗಿ ಉಳಿಯೋದು ಕಷ್ಟ, ಒಪ್ತೀನಿ. ಆದ್ರೂ ಮೆಟ್ಟಿಲಿಗೆ ದುಡ್ಡು ಕೊಟ್ಟ ಯಾರೋ ಒಬ್ಬರು ವಯಸ್ಸಾದ ಮೇಲೆ ತಮ್ಮ ಹೆಸರಿರೋ ಮೆಟ್ಟಿಲವರೆಗೆ ಹೋಗೋಕೆ ಆಗದೆ ಇರಬಹುದಲ್ವಾ. ವಿನ್ಯಾಸ ಎಷ್ಟೇ ಚೆಂದ ಇದ್ರೂ ಈ ಲೆಕ್ಕದಲ್ಲಿ ಅದು ಸಾಲ ಉಳಿಸಿಕೊಂಡಿದೆ.

ಇನ್ನು ಸ್ಕೈಡೆಕ್. 250 ಮೀಟರ್‌ಗೆ 40 ಮೀಟರ್‌ನ ಲೆಕ್ಕ ಹಾಕೋಕಾಗಲ್ಲ, ಗೊತ್ತು. ಮೇಲೆ ಹೋದಷ್ಟೂ ಗಾಳಿ ಜೋರು. ಎತ್ತರ ಎರಡರಷ್ಟಾದ್ರೆ ಬುಡದಲ್ಲಿ ಗೋಪುರವನ್ನ ಬಾಗಿಸೋ ಬಲ ನಾಲ್ಕರಷ್ಟೋ ಅದಕ್ಕಿಂತ ಜಾಸ್ತಿಯೋ ಆಗುತ್ತೆ. ಲಿಫ್ಟ್ ಬೇಕು, ಬೆಂಕಿ ಬಿದ್ರೆ ಇಳಿಯೋ ದಾರಿ ಬೇಕು. ಹಾಗಾಗಿ ಸ್ಕೈಡೆಕ್ ಕಿಲ್ಲೆಸ್‌ಬರ್ಗ್ ಥರ ಇರಲಿ ಅಂತ ನಾನು ಕೇಳ್ತಿಲ್ಲ. ನಾನು ಕೇಳ್ತಿರೋದು ಲೆಕ್ಕ. ಆ 500 ಕೋಟಿಯಲ್ಲಿ ನಿಲ್ಲೋಕೆ ಬೇಕಾದ ಉಕ್ಕು, ಕಾಂಕ್ರೀಟ್ ಎಷ್ಟು, ಬರೀ ಆಕಾರ ತೋರಿಸೋಕೆ ಎಷ್ಟು? ಕಟ್ಟಿದ ಮೇಲೆ ವರ್ಷಕ್ಕೆ ನಿರ್ವಹಣೆ ಎಷ್ಟು, ಅದು ಟಿಕೆಟ್‌ನಿಂದ ಬರುತ್ತಾ, ನಮ್ಮ ತೆರಿಗೆಯಿಂದ ಬರುತ್ತಾ? ಟಿಕೆಟ್ ಆದ್ರೆ, ಮೆಜೆಸ್ಟಿಕ್‌ನಲ್ಲಿ ಬಸ್ ಇಳಿದು ಬಂದ ನಾಲ್ಕು ಜನರ ಕುಟುಂಬಕ್ಕೆ ಅದು ಎಟುಕುತ್ತಾ? ಬೆಂಗಳೂರನ್ನ ಮೇಲಿಂದ ನೋಡೋಕೆ ಇವತ್ತಿಗೂ ನೂರಾರು ಜನ ಬರೋದು ಲಾಲ್‌ಬಾಗ್ ಬಂಡೆಗೆ. ಕೆಂಪೇಗೌಡ ಗೋಪುರದ ಪಕ್ಕ ಕೂತು, ಕಡಲೆಕಾಯಿ ತಿಂತಾ, ಬಿಸಿಲು ಇಳಿಯೋದು ನೋಡ್ತಾರೆ. ಸುಮಾರು 300 ಕೋಟಿ ವರ್ಷ ಹಳೇ ಬಂಡೆ, ನಿರ್ಮಾಣ ವೆಚ್ಚ ಸೊನ್ನೆ. ಸ್ಕೈಡೆಕ್‌ಗೆ ಕಾಂಪಿಟಿಷನ್ ದುಬೈ ಅಲ್ಲ, ಈ ಬಂಡೆ.

ಈ ಪ್ರಶ್ನೆಗಳನ್ನ ಮಾಹಿತಿ ಹಕ್ಕಿನಲ್ಲಿ ಹೇಗೆ ಕೇಳೋದು, ಅರ್ಜಿಯಲ್ಲಿ ಏನು ಬರೀಬೇಕು, ಯಾವ ಇಲಾಖೆಗೆ ಕಳಿಸಬೇಕು ಅನ್ನೋದನ್ನ ಮುಂದಿನ ಸಂಚಿಕೆಯಲ್ಲಿ ಹಂತಹಂತವಾಗಿ ಹೇಳ್ತೀನಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಒಂದು ತಂದಿಟ್ಕೊಂಡಿರಿ. ಕಿಲ್ಲೆಸ್‌ಬರ್ಗ್ ಗೋಪುರ ಹತ್ತಿ ಬಂದ ಕನ್ನಡಿಗರು ಯಾರಾದ್ರೂ ಕೇಳ್ತಿದ್ರೆ, ಮೇಲೆ ಎಷ್ಟು ಅಲುಗಿತು ಅಂತ ಒಂದು ವಾಯ್ಸ್ ನೋಟ್ ಕಳಿಸಿ, ಹಾಕ್ತೀನಿ.